ಜೀವೂಬಾಯಿಯ ಹಲಗೆ

ಜೀವೂಬಾಯಿಯವರ ಮನೆಯ ಹೊಸ್ತಿಲು ದಾಟಿದ ಕೂಡಲೇ ಎಡಗಡೆಯ ಗೋಡೆಗೆ ಒಂದು ಹಲಗೆ ಹೊಡೆದಿತ್ತು. ಮುರಿದ ಮಂಚವೊಂದರ ತಲೆಹಲಗೆ ಅದು. ಅದರ ಮೇಲೆ ಸಾಲಾಗಿ ಹನ್ನೊಂದು ಮೊಳೆ, ಮೊಳೆಗೊಂದು ಬೀಗದಕೈ. ನಮ್ಮ ವಠಾರದಲ್ಲಿದ್ದದ್ದು ಹನ್ನೆರಡು ಮನೆ. ಅವರದೊಂದನ್ನು ಬಿಟ್ಟು ಉಳಿದೆಲ್ಲ ಮನೆಗಳ ಬೀಗದಕೈ ಹಗಲಿಡೀ ಅಲ್ಲಿ ತೂಗುತ್ತಿತ್ತು. ಕೆಲಸಕ್ಕೆ ಹೊರಟವರು ಬೀಗ ಜಡಿದು, ಅವರ ಹೊಸ್ತಿಲಲ್ಲಿ ಒಂದು ಕಾಲಿಟ್ಟು, "ಜೀವೂಬಾಯಿ, ಬರ್ತೀನಿ" ಎಂದು ಬೀಗದಕೈಯನ್ನು ತಮ್ಮ ಮೊಳೆಗೆ ಸಿಕ್ಕಿಸಿ ಹೋಗುವರು. ಜೀವೂಬಾಯಿ ಮಂಡಿನೋವಿನ ಹೆಂಗಸು. ಚಾಪೆಯ ಮೇಲೆ ಕಾಲು ಚಾಚಿ ಕೂತು ಹಪ್ಪಳ ಲಟ್ಟಿಸುತ್ತ, ತಲೆಯೆತ್ತದೆ "ಹೂಂ, ಹೋಗಿ ಬರ್ರಿ" ಎನ್ನುವರು. ಬಂದವರು ಯಾರು, ತೆಗೆದುಕೊಂಡು ಹೋದದ್ದು ಯಾವ ಮನೆಯದು ಎಂಬುದು ಅವರಿಗೆ ಸಪ್ಪಳದಿಂದಲೇ ತಿಳಿಯುತ್ತಿತ್ತು.

ಆ ಹಲಗೆಯನ್ನು ಖಾಲಿ ಮಾಡಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುತ್ತಿ ಬಳಸಿ ಮಾತಾಡುವ ಚಟ ನನಗೆ ಮೊದಲಿನಿಂದಲೂ ಇದೆ, ಅದರ ದಂಡವನ್ನು ನನಗಿಂತ ಹೆಚ್ಚಾಗಿ ಬೇರೆಯವರು ತೆತ್ತಿದ್ದಾರೆ. ಈ ಒಂದು ಸಂಗತಿಯನ್ನಾದರೂ ನೇರವಾಗಿ ಬರೆಯುತ್ತೇನೆ.

ವಠಾರದ ಮೊದಲನೆಯ ಮನೆ ನಮ್ಮದು. ಅಲ್ಲಿ ನಾನು ಮತ್ತು ನನ್ನ ತಂಗಿ ವನಮಾಲೆ. ಮುಂದಿನ ಕೋಣೆಯಲ್ಲಿ ನನ್ನ ಬೆರಳಚ್ಚು ತರಗತಿ. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಇನ್ನೊಂದು. ಎಲ್ಲರೂ ನನ್ನನ್ನು ಟೀಚರ್ ಎನ್ನುತ್ತಿದ್ದರು, ಹೆಸರು ಯಾರಿಗೂ ಬೇಕಿರಲಿಲ್ಲ. ವನಮಾಲೆ ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ಅವಳನ್ನು ಬೆಳೆಸಿದವಳು ನಾನು, ಓದಿಸಿದವಳು ನಾನು, ಅವಳಿಗೆ ಬಂದ ಎರಡು ಸಂಬಂಧಗಳನ್ನು ಸರಿಯಿಲ್ಲವೆಂದು ಹಿಂದಕ್ಕೆ ಕಳಿಸಿದವಳೂ ನಾನೇ. ನಾನು ಹೇಳುತ್ತಿರುವ ಕಾಲಕ್ಕೆ ಅವಳು ಮೂವತ್ತೆಂಟು ದಾಟಿದ್ದಳು. ಸೀರೆಗಳಿಗೆ ಕಸೂತಿ ಹಾಕುತ್ತಿದ್ದಳು. ಮಾತು ಕಡಿಮೆ. ಏನು ಹೇಳಿದರೂ "ಆಯಿತಕ್ಕ." ಇಷ್ಟು ವಿಧೇಯಳಾದ ತಂಗಿ ಊರಿನಲ್ಲೇ ಇಲ್ಲವೆಂದು ನಾನು ಕಂಡಕಂಡವರ ಮುಂದೆ ಹೊಗಳಿಕೊಳ್ಳುತ್ತಿದ್ದೆ.

ನಮ್ಮ ವಠಾರದ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಅಲ್ಲಿ ಯಾರೂ ಯಾರನ್ನೂ ನೇರವಾಗಿ ಬೈಯುತ್ತಿರಲಿಲ್ಲ. ಒಂದೇ ಅಂಗಳ, ಒಂದೇ ನಲ್ಲಿ. ಎದುರಾಬದುರು ಬೈದಾಡಿಕೊಂಡರೆ ಮರುದಿನ ಕೊಡ ಹಿಡಿದು ಅದೇ ಸಾಲಿನಲ್ಲಿ ನಿಲ್ಲಬೇಕಲ್ಲ. ಹಾಗಾಗಿ ಮಗಳಿಗೆ ಹೇಳಿ ಸೊಸೆಗೆ ತಿಳಿಸುವ ವಿದ್ಯೆಯಲ್ಲಿ ಎಲ್ಲರೂ ಪಳಗಿದ್ದರು. ಮೂರನೇ ಮನೆಯ ಮುಸುರೆ ನೀರು ತನ್ನ ಬಾಗಿಲಿಗೆ ಹರಿದರೆ ನಾಲ್ಕನೇ ಮನೆಯ ತುಂಗಮ್ಮ ಬೆಕ್ಕನ್ನು ಮುಂದೆ ಕೂರಿಸಿಕೊಂಡು ಬೈಯುವಳು: "ಏನೇ, ನಿನಗೆ ಕಣ್ಣು ಕಾಣಲ್ವಾ? ಕಂಡವರ ಬಾಗಿಲಿಗೆ ಗಲೀಜು ಬಿಡ್ತೀಯಾ?" ಬೆಕ್ಕು ಆಕಳಿಸುವುದು. ಮೂರನೇ ಮನೆಯವರು ತುಟಿಪಿಟಕ್ಕೆನ್ನದೆ ಬಂದು ಮೋರಿಯ ಕಸ ತೆಗೆಯುವರು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಟೈಪು ತಪ್ಪಿದ ಹುಡುಗಿಗೆ ಏನೂ ಹೇಳದೆ ಅವಳ ಪಕ್ಕದವಳನ್ನು ಗದರುತ್ತಿದ್ದೆ. ತಪ್ಪು ಮಾಡಿದವಳು ತಾನೇ ಹಾಳೆ ಬದಲಿಸುತ್ತಿದ್ದಳು. ವನಮಾಲೆಗಂತೂ ಚಿಕ್ಕಂದಿನಿಂದ ಹೀಗೆಯೇ. ಅವಳು ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೆ ನಾನು ಉಪ್ಪಿನ ಡಬ್ಬಿಯನ್ನು ಬೈಯುವುದು, ಅವಳು ತಲೆತಗ್ಗಿಸಿ "ಆಯಿತಕ್ಕ" ಎನ್ನುವುದು.

ಇನ್ನು ಪೆಟ್ಟಿಗೆಯ ವಿಷಯ. ವಠಾರದ ಮಾಲೀಕರು ಎಲ್ಲರಿಗೂ ಸೇರಿ ಒಂದು ವೈಫೈ ಹಾಕಿಸಿಕೊಟ್ಟರು. ಟೀಚರ್ ನೋಡಿಕೊಳ್ಳುತ್ತಾರೆ ಎಂದು ಅದರ ಪೆಟ್ಟಿಗೆಯನ್ನು ನಮ್ಮ ಮುಂದಿನ ಕೋಣೆಯ ಗೋಡೆಗೆ ಕೂರಿಸಿದರು. ಮೊದಲಿಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅದನ್ನು ಯಾರೋ ಪುಣ್ಯಾತ್ಮರು ನಲ್ಲಿಯ ತೊಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ವಾರದೊಳಗೆ ಎದುರಿನ ಕ್ಷೌರದಂಗಡಿಗೆ ಬಂದವರು, ಬೀದಿ ತುದಿಯ ಚಹಾದಂಗಡಿಯವರು, ದಾರಿಹೋಕರು ಎಲ್ಲ ನಮ್ಮ ಹೊರಗೋಡೆಗೆ ಬೆನ್ನು ಕೊಟ್ಟು ನಿಂತು ಸಿನಿಮಾ ನೋಡತೊಡಗಿದರು. ತಿಂಗಳಿಗೆ ಇಷ್ಟೇ ಎಂದು ಅಳತೆಯಿದ್ದ ಸಂಪರ್ಕ ಅದು. ಹನ್ನೆರಡನೇ ತಾರೀಕಿಗೆ ಮುಗಿದುಹೋಗಿ, ಮಿಕ್ಕ ದಿನವೆಲ್ಲ ಆಮೆಯ ನಡಿಗೆ. ನನ್ನ ವಿದ್ಯಾರ್ಥಿನಿಯರ ಪರೀಕ್ಷೆಯ ಅರ್ಜಿಗಳು ಕೊನೆಯ ದಿನ ಹೋಗದೆ ಅರ್ಧಕ್ಕೆ ನಿಂತಾಗ ನನ್ನ ಪಿತ್ತ ನೆತ್ತಿಗೇರಿತು.

ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಿಕೆಯನ್ನು ಮೂರು ದಿನ ಕೂತು ಓದಿದೆ. ಅದರಲ್ಲಿ ವೈಯಕ್ತಿಕ ಭದ್ರತಾ ಕೀಲಿ ಎಂಬ ಒಂದು ಏರ್ಪಾಡಿತ್ತು. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಪಾಸ್‌ವರ್ಡ್. ಯಾರು ಯಾವ ಹೊತ್ತಿನಲ್ಲಿ ಎಷ್ಟು ಬಳಸಿದರು ಎಂದು ಹೆಸರಿನ ಮುಂದೆಯೇ ಪಟ್ಟಿ ಬರುತ್ತದೆ. ತಪ್ಪು ಮಾಡಿದವರ ಹೆಸರನ್ನು ಅಳಿಸಿದರೆ ಅವರೊಬ್ಬರಿಗೆ ಬಾಗಿಲು ಮುಚ್ಚುತ್ತದೆ, ಉಳಿದವರಿಗೆ ತೊಂದರೆಯಿಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಓದುತ್ತ ಓದುತ್ತ ಖುಷಿಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಒಂದು ಭಾನುವಾರ ವಠಾರದ ದೊಡ್ಡವರನ್ನೆಲ್ಲ ಒಬ್ಬೊಬ್ಬರಾಗಿ ಕರೆದೆ. ಎಂಟು ಅಕ್ಷರಕ್ಕೆ ಕಡಿಮೆಯಿಲ್ಲದ ಒಂದು ಪದವನ್ನು ಅವರು ನನ್ನ ಕಿವಿಯಲ್ಲಿ ಹೇಳಬೇಕು, ನಾನು ಟೈಪು ಮಾಡಿ ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಬಸ್ ಡಿಪೋದ ದ್ಯಾಮಣ್ಣ ತಾನು ಓಡಿಸಿದ ಮೊದಲ ಬಸ್ಸಿನ ನಂಬರು ಹೇಳಿದ. ತುಂಗಮ್ಮ ಗಂಡನ ಹೆಸರೇ ಇರಲೆಂದಳು, ಆದರೆ ಅದನ್ನು ಬಾಯಿಬಿಟ್ಟು ಹೇಳಲಾರದೆ ನನ್ನ ಅಂಗೈ ಮೇಲೆ ಬೆರಳಲ್ಲಿ ಬರೆದಳು. ಜೀವೂಬಾಯಿ ಗೋಡೆ ಹಿಡಿದುಕೊಂಡು ಬಂದು ಕೂತರು. ಅವರ ಮಾತು ಉತ್ತರದ ಕಡೆಯದು.

"ನನಗ ಇದರಾಗ ಏನ ತಿಳೀತದ ಅಕ್ಕಾರ? ಫೋನು ಗಣಗಣ ಅಂದರ ಕಿವಿಗೆ ಹಚ್ಚೋದು, ಅಷ್ಟ. ನನಗ್ಯಾಕ ಬೇಕು?"

"ಮನೆಗೊಂದು ಇರಲೇಬೇಕು ಜೀವೂಬಾಯಿ. ನಿಮ್ಮನ್ನು ಬಿಟ್ಟರೆ ನನ್ನ ಪಟ್ಟಿ ಪೂರ್ತಿಯಾಗುವುದಿಲ್ಲ" ಎಂದೆ.

"ಹಂಗಾರ ನೀವ ಏನರ ಹಾಕ್ರಿ" ಎಂದು ನಕ್ಕರು. ಉದ್ದಿನ ಹಪ್ಪಳ ಎಂದು ಟೈಪು ಮಾಡಿ ಚೀಟಿ ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಕೊನೆಯಲ್ಲಿ ಉಳಿದವಳು ವನಮಾಲೆ. ಅವಳು ನನ್ನ ಪಕ್ಕ ನಿಂತು, "ಅಕ್ಕ, ನನ್ನದು ನಾನೇ ಟೈಪ್ ಮಾಡಲಾ? ನೀನು ಒಂದು ನಿಮಿಷ ಆ ಕಡೆ ನೋಡ್ತೀಯಾ?" ಎಂದಳು.

ನನಗೆ ನಗು ಬಂತು. "ಅಯ್ಯೋ ಮಾರಾಯ್ತಿ, ನನ್ನ ಹತ್ತಿರ ಮುಚ್ಚುಮರೆ ಎಂಥದ್ದು ನಿನಗೆ? ನಿನ್ನ ಜಡೆ ಹೆಣೆದವಳು ನಾನು. ಹೇಳು ಏನು ಹಾಕಲಿ."

ಅವಳು ಕಿಟಕಿಯ ಕಡೆ ನೋಡಿದಳು. "ಏನಾದರೂ ಹಾಕಕ್ಕ" ಎಂದಳು. ನಾನು ಅಮ್ಮನ ಹೆಸರನ್ನೂ ಮನೆಯ ನಂಬರನ್ನೂ ಸೇರಿಸಿ ಹಾಕಿದೆ. ಆ ಒಂದು ನಿಮಿಷ ಮುಖ ತಿರುಗಿಸಿದ್ದರೆ ಇವತ್ತು ಈ ಕತೆಯನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಚೀಟಿಯನ್ನು ಬಾಯಿಪಾಠ ಮಾಡಿ ಹರಿದುಹಾಕಿ, ಯಾರಿಗೂ ತೋರಿಸಬೇಡಿ ಎಂದು ಎಲ್ಲರಿಗೂ ಹತ್ತು ಸಲ ಹೇಳಿ ಕಳಿಸಿದ್ದೆ. ಮರುದಿನ ನನ್ನ ಬೀಗದಕೈ ಸಿಕ್ಕಿಸಲು ಹೋದರೆ, ಜೀವೂಬಾಯಿಯ ಹಲಗೆಯ ತುಂಬ ಚೀಟಿಗಳು. ಪ್ರತಿ ಬೀಗದಕೈಗೂ ದಾರದಲ್ಲಿ ಕಟ್ಟಿದ ಚೀಟಿ. ಹನ್ನೆರಡನೆಯದಾಗಿ ಒಂದು ಹೊಸ ಮೊಳೆ ಹೊಡೆಸಿ ಅವರು ತಮ್ಮ ಚೀಟಿಯನ್ನೂ ತೂಗುಹಾಕಿದ್ದರು.

"ಇದೇನು ದ್ಯಾಮಣ್ಣ?" ಎಂದು ಅಲ್ಲೇ ನಿಂತಿದ್ದವನನ್ನು ಕೇಳಿದೆ.

"ಕಳೆದುಹೋದರೆ ಅಂತ ಟೀಚರ್" ಎಂದ. "ಮನೆ ಬೀಗದಕೈಯೇ ಇಲ್ಲಿದೆ. ಈ ಚೀಟಿ ಅದಕ್ಕಿಂತ ಹೆಚ್ಚಾ?"

ಸಿಟ್ಟು ಬಂತು, ನಗೆಯೂ ಬಂತು. ನಂಬಿಕೆಯ ಜಾಗ, ಇರಲಿ ಎಂದು ಸುಮ್ಮನಾದೆ.

ಆಮೇಲಿನ ಪ್ರತಿ ಶನಿವಾರ ಬೆಳಿಗ್ಗೆ ಪಟ್ಟಿ ತೆಗೆದು ನೋಡುವುದು ನನ್ನ ಪೂಜೆಯಂತಾಯಿತು. ವನಮಾಲೆಯ ಹೆಸರಿನ ಮುಂದೆ ಎಲ್ಲರಿಗಿಂತ ಕಡಿಮೆ. "ನೋಡು, ಹೀಗಿರಬೇಕು" ಎಂದು ಅವಳ ಬೆನ್ನು ತಟ್ಟುತ್ತಿದ್ದೆ. ಮೂರು ತಿಂಗಳು ಎಲ್ಲ ಸರಿಯಾಗಿತ್ತು. ನಾಲ್ಕನೇ ತಿಂಗಳು ಮತ್ತೆ ಇಪ್ಪತ್ತನೇ ತಾರೀಕಿಗೇ ಸಂಪರ್ಕ ಕುಂಟತೊಡಗಿತು. ಪರೀಕ್ಷೆಯ ಗಡಿಬಿಡಿಯಲ್ಲಿ ಆ ತಿಂಗಳು ನನ್ನ ಶನಿವಾರದ ಪೂಜೆ ತಪ್ಪಿತ್ತು, ಈಗ ಪಟ್ಟಿ ನೋಡಿದೆ. ಎಲ್ಲರಿಗಿಂತ ಮೇಲೆ ಜೀವೂಬಾಯಿಯ ಹೆಸರು. ದಿನವೂ, ತಪ್ಪದೆ, ಮಧ್ಯಾಹ್ನ ಮೂರರಿಂದ ನಾಲ್ಕು.

ಅವರ ಫೋನಿನಲ್ಲಿ ಇದೆಲ್ಲ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಪ್ಪಳ ಕೊಳ್ಳುವವರು, ಉದ್ದಿನಹಿಟ್ಟು ತರುವವರು ಬಂದು ಅವರ ಜಗಲಿಯಲ್ಲಿ ಕೂರುತ್ತಿದ್ದರು. ಅವರಲ್ಲಿ ಯಾರಿಗೋ ಚೀಟಿ ಕೊಟ್ಟಿದ್ದಾರೆ ಎಂದು ಲೆಕ್ಕ ಹಾಕಿದೆ. ಮೂರರಿಂದ ನಾಲ್ಕು ನನ್ನ ತರಗತಿ, ಎದ್ದು ಹೋಗಿ ನೋಡುವಂತಿರಲಿಲ್ಲ. ವನಮಾಲೆ ಆ ಹೊತ್ತಿಗೆ ಹಪ್ಪಳ ಲಟ್ಟಿಸಲು ಅವರಿಗೆ ಒತ್ತಾಸೆಯಾಗಿ ಹೋಗುತ್ತಿದ್ದಳು. ಅವಳನ್ನು ಕೇಳಿದೆ: "ಯಾರು ಬರ್ತಾರೆ ಅಲ್ಲಿಗೆ?" ಅವಳು ಸೂಜಿಗೆ ದಾರ ಪೋಣಿಸುತ್ತ "ನಾನು ನೋಡಿಲ್ಲಕ್ಕ" ಎಂದಳು. ದಾರ ಎರಡು ಮೂರು ಸಲ ತಪ್ಪಿತು. ಅದನ್ನು ನೋಡಿಯೂ ನಾನು ನೋಡಲಿಲ್ಲ.

ಮರುದಿನ ಶನಿವಾರ, ನೀರು ಬಿಡುವ ಹೊತ್ತು. ಅಂಗಳದಲ್ಲಿ ಎಲ್ಲರೂ ಕೊಡ ಇಟ್ಟು ನಿಂತಿದ್ದರು. ಜೀವೂಬಾಯಿ ನಲ್ಲಿಕಟ್ಟೆಯ ಮೇಲೆ ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ವನಮಾಲೆ ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ಹಿತ್ತಾಳೆಯ ಕೊಡ ಹಿಡಿದು ನಿಂತಿದ್ದಳು. ಇದು ಹೆಸರು ಸಮೇತ ಅಚ್ಚಾಗಿ ಬಂದ ವಿಷಯ, ಬೆಕ್ಕಿಗೆ ಬೈಯುವ ಸಂಗತಿಯಲ್ಲ ಎಂದು ನನಗನ್ನಿಸಿತು. ಜೀವಮಾನದಲ್ಲಿ ಮೊದಲ ಸಲ, ಯಾರಿಗೆ ಹೇಳಬೇಕೋ ಅವರಿಗೇ ನೇರವಾಗಿ ಹೇಳಿದೆ.

"ಜೀವೂಬಾಯಿ, ದಿನಾ ಮೂರರಿಂದ ನಾಲ್ಕು ಏನು ನಡೀತಿದೆ ಅಂತ ನನಗೆ ಗೊತ್ತಾಗಲ್ಲ ಅಂದುಕೊಂಡಿರಾ? ಯಾರದು?"

ಅವರು ಮಂಡಿ ನೀವಿಕೊಂಡರು. ಅದು ನನ್ನನ್ನು ಕೆರಳಿಸಿತು. ಇಡೀ ವಠಾರ ನೋಡುತ್ತಿದೆ, ಟೀಚರ್ ಕೇಳಿದ್ದಕ್ಕೆ ಉತ್ತರವಿಲ್ಲ. ಅವರನ್ನು ಎಂದೂ ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ ನಾನು. ಆವತ್ತು ಸಿಟ್ಟಿನ ಭರದಲ್ಲಿ ಅದೂ ಜಾರಿಹೋಯಿತು.

"ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣಲ್ವಾ? ಈ ವಯಸ್ಸಿನಲ್ಲಿ ನಿನಗೆ ಈ ಕಳ್ಳಾಟ ಬೇಕಿತ್ತಾ? ನಂಬಿದವರ ಬೆನ್ನ ಹಿಂದೆ ಮಾಡೋ ಕೆಲಸವಾ ಇದು? ಇವತ್ತಿಗೆ ನಿಲ್ಲಿಸಿದರೆ ಸರಿ. ಇಲ್ಲದಿದ್ದರೆ ನನ್ನ ಮುಖ ನೋಡಬೇಡ."

ಜೀವೂಬಾಯಿ ತಲೆಯೆತ್ತಿದರು. ನನ್ನನ್ನು ದಾಟಿ ಹಿಂದಕ್ಕೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ, "ನಂದ ತಪ್ಪು ಅಕ್ಕಾರ. ಯಾರದೂ ಅಲ್ಲ. ತಗದು ಹಾಕ್ರಿ ನನ್ನ ಹೆಸರು" ಎಂದರು.

"ಯಾರಿಗೆ ಕೊಟ್ಟಿರಿ ಅಂತಾದರೂ ಹೇಳಿ."

"ಕೊಟ್ಟದ್ದನ್ನ ಇಟಗೊಳ್ಳೋದು ನನ್ನ ಕೆಲಸ. ಹೇಳೋದಲ್ಲ."

ಎಂಥ ಉದ್ಧಟತನ ಎಂದುಕೊಂಡು ಒಳಗೆ ಬಂದೆ. ಪಟ್ಟಿ ತೆಗೆದು ಅವರ ಹೆಸರು ಅಳಿಸಿದೆ. ಖಚಿತವೇ ಎಂದು ಪೆಟ್ಟಿಗೆ ಇನ್ನೊಮ್ಮೆ ಕೇಳಿತು. ಹೌದು ಎಂದು ಒತ್ತಿದೆ. ಅಷ್ಟಕ್ಕೇ ಬಿಡದೆ, ನೆಟ್ಟಗೆ ಅವರ ಮನೆಗೆ ಹೋಗಿ, ನಾವು ಮನೆಯಲ್ಲಿರುವಾಗಲೂ ಅಲ್ಲೇ ಬಿಡುತ್ತಿದ್ದ ನಮ್ಮ ಬೀಗದಕೈಯನ್ನು ಹಲಗೆಯ ಮೊದಲನೇ ಮೊಳೆಯಿಂದ ತೆಗೆದುಕೊಂಡು ಬಂದೆ. ಚೀಟಿ ಹಂಚಿದವರು ಬೀಗದಕೈ ಹಂಚುವುದಿಲ್ಲ ಎಂದು ಏನು ಖಾತರಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಸಂಜೆಯೊಳಗೆ ತುಂಗಮ್ಮ ತನ್ನದನ್ನು ತೆಗೆದಳು. ಮರುದಿನ ಮೂರು ಮನೆಯವರು. ದ್ಯಾಮಣ್ಣ ಒಂದು ವಾರ ಹಿಂದೆಮುಂದೆ ನೋಡಿದ, ಆಮೇಲೆ ಹೆಂಡತಿಯ ಕೈಲಿ ತರಿಸಿಕೊಂಡ. ತಿಂಗಳು ತುಂಬುವಷ್ಟರಲ್ಲಿ ಹಲಗೆಯ ಮೇಲೆ ಮೊಳೆಗಳು ಮಾತ್ರ ಉಳಿದವು.

ಒಂದು ಮಧ್ಯಾಹ್ನ ಜೀವೂಬಾಯಿ ನಮ್ಮ ಬಾಗಿಲಿಗೆ ಬಂದರು. ಅವರ ಮನೆಯಿಂದ ನಮ್ಮ ಮನೆಗೆ ನಲವತ್ತು ಹೆಜ್ಜೆ. ಆ ಮಂಡಿಯಲ್ಲಿ ಅದು ದೊಡ್ಡ ಪ್ರಯಾಣ. ಹೊಸ್ತಿಲಾಚೆ ನಿಂತೇ ಮಾತಾಡಿದರು.

"ಅಕ್ಕಾರ, ಆ ವೈಫೈ ನನಗ ಬ್ಯಾಡ. ಅದರ ಮಾತ ಆಡಾಂಗಿಲ್ಲ. ಒಂದ ಬೀಗದಕೈ ತಂದ ತೂಗಹಾಕ್ರಿ, ಸಾಕು. ನೀವ ಹಾಕಿದರ ಉಳದವರೂ ಹಾಕ್ತಾರ. ಗಂಡ ಇಲ್ಲ, ಮಕ್ಕಳಿಲ್ಲ. ಈ ವಠಾರದಾಗ ನನಗ ಇದ್ದದ್ದ ಅದೊಂದ."

"ಯಾರಿಗೆ ಕೊಟ್ಟಿರಿ ಅಂತ ಹೇಳಿ, ಈಗಲೇ ಹಾಕುತ್ತೇನೆ" ಎಂದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಒಳಗಿನ ಕೋಣೆಯಲ್ಲಿ ವನಮಾಲೆ ಕಸೂತಿ ಹಿಡಿದು ಕೂತಿದ್ದಳು. "ಆತು ಬಿಡ್ರಿ" ಎಂದು ಜೀವೂಬಾಯಿ ಗೋಡೆ ಹಿಡಿದುಕೊಂಡು ಹಿಂತಿರುಗಿದರು. ವನಮಾಲೆ ಎದ್ದು ಬಂದು ಬಾಗಿಲಲ್ಲಿ ನಿಂತು, ಅವರು ಮನೆ ಸೇರುವವರೆಗೂ ನೋಡುತ್ತಿದ್ದಳು. ಅವಳು ಹಪ್ಪಳ ಲಟ್ಟಿಸಲು ಹೋಗುವುದನ್ನು ಆ ಶನಿವಾರದಿಂದಲೇ ಬಿಟ್ಟಿದ್ದಳು. ನನ್ನ ಪಕ್ಷ ವಹಿಸಿ ಹೋಗುತ್ತಿಲ್ಲ ಎಂದು ತಿಳಿದು ನಾನು ಒಳಗೊಳಗೇ ಹಿಗ್ಗಿದ್ದೆ. ಥೂ, ನನ್ನ ಬುದ್ಧಿಗಿಷ್ಟು.

ಒಂಬತ್ತು ವರ್ಷ ಕಳೆದವು. ಜೀವೂಬಾಯಿ ಏಳನೇ ವರ್ಷದಲ್ಲಿ ತೀರಿಕೊಂಡರು. ಕೊನೆಯವರೆಗೂ ಯಾರ ಮೇಲೂ ದೂರು ಹೇಳಲಿಲ್ಲ; ನಾನು ನಲ್ಲಿಯ ಹತ್ತಿರ ಎದುರಾದರೆ "ಆರಾಮ ಅದೀರ್ಯಾ?" ಎಂದು ಕೇಳುತ್ತಿದ್ದರು. ಅವರ ಮನೆ ಖಾಲಿ ಮಾಡುವಾಗ ವನಮಾಲೆ ಹೋಗಿ ಆ ಹಲಗೆಯನ್ನು ಕೇಳಿ ತಂದಳು. ಏನಕ್ಕೆ ಎಂದರೆ "ಇರಲಿ" ಎಂದಳು. ನಮ್ಮ ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯ ಎದುರು ಗೋಡೆಗೆ ಅದನ್ನು ಹೊಡೆದಳು. ಮೊಳೆಗಳಿಗೆ ಏನನ್ನೂ ತೂಗುಹಾಕಲಿಲ್ಲ.

ಕಳೆದ ವರ್ಷ ಪೆಟ್ಟಿಗೆ ಕೆಟ್ಟು ಹೊಸದು ಬಂತು. ಮತ್ತೆ ಎಲ್ಲರ ಹೆಸರು, ಎಲ್ಲರ ಪಾಸ್‌ವರ್ಡ್ ಮೊದಲಿನಿಂದ ಹಾಕಬೇಕು. ನನಗೂ ಅರವತ್ತರ ಮೇಲಾಗಿತ್ತು, ಮೊದಲಿನ ಗತ್ತು ಇರಲಿಲ್ಲ. ಎಲ್ಲರದೂ ಮುಗಿದ ಮೇಲೆ ವನಮಾಲೆಯನ್ನು ಕರೆದು, "ಬಾರೆ, ನಿನ್ನದನ್ನು ಈ ಸಲ ನೀನೇ ಟೈಪ್ ಮಾಡು. ಆವತ್ತು ಕೇಳಿದ್ದೆಯಲ್ಲ" ಎಂದೆ. ಸುಮ್ಮನೆ, ತಮಾಷೆಗೆ.

ಅವಳು ಸೊಪ್ಪು ಸೋಸುತ್ತಿದ್ದಳು. ತಲೆಯೆತ್ತದೆ, "ಬೇಡಕ್ಕ. ಈಗ ಮುಚ್ಚಿಡೋಕೆ ಏನಿದೆ? ಆವತ್ತೇ ನೀನು ಹೇಳಿದ ಮೇಲೆ ಬಿಟ್ಟುಬಿಟ್ಟೆನಲ್ಲ" ಎಂದಳು.

"ಏನು ಬಿಟ್ಟೆ? ನಾನು ಯಾವತ್ತು ಏನು ಹೇಳಿದೆ?"

"ನಲ್ಲಿ ಹತ್ತಿರ. ಜೀವೂಬಾಯಿಗೆ ಹೇಳಿದ ಹಾಗೆ ಮಾಡಿ ನನಗೆ ಹೇಳಿದೆಯಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. "ನಾನು ಜೀವೂಬಾಯಿಗೇ ಹೇಳಿದ್ದು ವನಮಾಲೆ. ಅವರಿಗೇ."

ಅವಳ ಕೈ ನಿಂತಿತು. "ಜೀವೂಬಾಯಿಯನ್ನು ನೀನು ಯಾವತ್ತು ಏಕವಚನದಲ್ಲಿ ಮಾತಾಡಿಸಿದ್ದೆ? ಈ ವಯಸ್ಸಿನಲ್ಲಿ ನಿನಗೆ ಈ ಕಳ್ಳಾಟ ಬೇಕಿತ್ತಾ ಅಂದೆ. ನನ್ನ ಮುಖ ನೋಡಬೇಡ ಅಂದೆ. ಹಿಂದಿನ ದಿನ ನನ್ನನ್ನೇ ಕೇಳಿದ್ದೆ, ಯಾರು ಬರ್ತಾರೆ ಅಂತ. ಎಲ್ಲ ತಿಳಿದುಕೊಂಡೇ ಹೇಳ್ತಿದ್ದೀಯ, ನಾಲ್ಕು ಜನರೆದುರು ನನ್ನ ಮಾನ ಉಳಿಸೋಕೆ ಅವರ ಮೇಲೆ ಹಾಕಿ ಹೇಳ್ತಿದ್ದೀಯ ಅಂದುಕೊಂಡೆ." ಆಮೇಲೆ ತಲೆಯೆತ್ತಿ ಕೇಳಿದಳು: "ಹಾಗಾದರೆ ನಿನಗೆ ಗೊತ್ತೇ ಇರಲಿಲ್ವಾ ಅಕ್ಕ?"

ಗೊತ್ತಿರಲಿಲ್ಲ. ಅವಳೇ ಹೇಳಬೇಕಾಯಿತು, ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು, ಬೇರೆ ಯಾರದೋ ವಿಷಯ ಹೇಳುವಂತೆ. ಇನ್ನೊಂದು ಊರಿನ ಚಿತ್ರಕಲಾ ಮಾಸ್ತರರು, ಅಚ್ಯುತ ಎಂದು ಹೆಸರು, ಹೆಂಡತಿ ತೀರಿಕೊಂಡಿದ್ದರು. ಚೌಕಳಿ ಹಾಳೆಯ ಮೇಲೆ ಕಸೂತಿಯ ನಮೂನೆ ಬರೆಯುವುದನ್ನು ಫೋನಿನಲ್ಲಿ ಕಲಿಸುತ್ತಿದ್ದರು. ಹತ್ತು ಹನ್ನೆರಡು ಜನರ ಪಾಠ ಕ್ರಮೇಣ ಇಬ್ಬರ ಮಾತಾಯಿತು. ನಮ್ಮ ಮನೆಯಲ್ಲಿ ಅವಳ ಹೆಸರಿನಲ್ಲಿ ಮಾತಾಡಿದರೆ ಶನಿವಾರದ ಪಟ್ಟಿಯಲ್ಲಿ ಬರುತ್ತಿತ್ತು. ಅದಕ್ಕೆ ಜೀವೂಬಾಯಿಯ ಮನೆ, ಜೀವೂಬಾಯಿಯ ಚೀಟಿ. ಅವರು ಹಪ್ಪಳ ಲಟ್ಟಿಸುತ್ತ ಬಾಗಿಲು ಕಾಯುತ್ತಿದ್ದರಂತೆ, ಇವಳು ಒಳಗೆ ಕೂತು ಮಾತಾಡುತ್ತಿದ್ದಳಂತೆ.

"ಆ ಸೋಮವಾರ ಮಾಸ್ತರರು ಇಲ್ಲಿಗೆ ಬರೋರಿದ್ದರು" ಎಂದಳು. "ನಿನ್ನ ಹತ್ತಿರ ಕೇಳೋಕೆ. ಶನಿವಾರ ನೀನು ಹಾಗೆ ಹೇಳಿದೆ. ಭಾನುವಾರ ನಾನು ಬರಬೇಡಿ ಅಂತ ಬರೆದೆ. ಯಾಕೆ ಅಂತ ಎರಡು ಸಲ ಕೇಳಿದರು. ಅಕ್ಕನಿಗೆ ಇಷ್ಟವಿಲ್ಲ ಅಂದೆ. ಒಳ್ಳೆಯ ಮನುಷ್ಯ, ಆಮೇಲೆ ಕೇಳಲಿಲ್ಲ."

"ಜೀವೂಬಾಯಿಯಾದರೂ ನನಗೆ ಒಂದು ಮಾತು ಹೇಳಬಾರದಿತ್ತೇ."

"ನಾನೇ ಆಣೆ ಹಾಕಿಸಿದ್ದೆ. ಹಲಗೆ ಖಾಲಿಯಾದ ಮೇಲೆ ವಠಾರಕ್ಕೆಲ್ಲ ನಿಜ ಹೇಳಿಬಿಡ್ತೀನಿ ಅಂತ ನಾನೇ ಅವರ ಹತ್ತಿರ ಹೋದೆ. 'ನಿನ್ನಕ್ಕಗ ಗೊತ್ತದ, ಆಕಿ ಮುಚ್ಚಿದ್ದನ್ನ ನೀ ಯಾಕ ತಗೀತಿ' ಅಂದರು. ಅವರೂ ನಿನಗೆ ಗೊತ್ತಿದೆ ಅಂತಲೇ ತಿಳಿದಿದ್ದರು ಅಕ್ಕ."

ಹಾಗಾದರೆ ಆ ಮಧ್ಯಾಹ್ನ ನಮ್ಮ ಹೊಸ್ತಿಲಲ್ಲಿ ನಿಂತು ಅವರು ನನ್ನನ್ನು ನೋಡಿದ ನೋಟ. ಎಲ್ಲ ತಿಳಿದೂ, ತಂಗಿಯ ಮಾನಕ್ಕಾಗಿ ಒಬ್ಬ ಮುದುಕಿಯ ಮಾನ ತೆಗೆದು, ಬೇಡಿಕೊಂಡು ಬಂದರೆ ಯಾರಿಗೆ ಕೊಟ್ಟಿರಿ ಎಂದು ಮತ್ತೆ ಕೇಳುವ ಹೆಂಗಸು ಎಂದು ಅವರು ನನ್ನನ್ನು ತಿಳಿದೇ ಸತ್ತರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನದು ಆಡಿ ಒಂಬತ್ತು ವರ್ಷದ ಮೇಲೆ ಹೋದದ್ದು ತಿಳಿಯಿತು.

ಆ ಮಾಸ್ತರರು ಸೋಮವಾರ ಬಂದಿದ್ದರೆ ನಾನು ಒಪ್ಪುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಒಪ್ಪುತ್ತಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಗೊತ್ತಿಲ್ಲ. ಮೂರನೆಯ ಸಂಬಂಧವನ್ನೂ ಏನಾದರೊಂದು ಕುಂದು ಹುಡುಕಿ ತಿರುಗಿಸಿ ಕಳಿಸುತ್ತಿದ್ದೆನೋ ಏನೋ. ಅವಳು ಹೋಗಿಬಿಟ್ಟರೆ ನನ್ನ ಜೊತೆ ಯಾರು ಎಂಬ ಹೆದರಿಕೆ ನನಗೆ ಯಾವಾಗಲೂ ಇತ್ತು. ಅದನ್ನು ನಾನು ಯಾರ ಕಿವಿಯಲ್ಲೂ ಹೇಳಿರಲಿಲ್ಲ.

"ಈಗ ಅವರು ಎಲ್ಲಿದ್ದಾರೆ? ವಿಚಾರಿಸೋಣವೇ?" ಎಂದೆ.

"ಬಿಡಕ್ಕ" ಎಂದಳು ವನಮಾಲೆ. ನನ್ನ ಮೇಲೆ ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಅವಳು ಮತ್ತೆ ಸೊಪ್ಪು ಸೋಸತೊಡಗಿದಳು.

ಮರುದಿನ ನೀರಿನ ಹೊತ್ತಿಗೆ ನಲ್ಲಿಕಟ್ಟೆಯ ಬಳಿ ಹೋಗಿ ನಿಂತೆ. ತಂಗಿಯ ವಿಷಯ ಎತ್ತಲಿಲ್ಲ, ಅದು ಅವಳದು. "ಜೀವೂಬಾಯಿ ಯಾವ ಹೊರಗಿನವರಿಗೂ ಚೀಟಿ ಕೊಟ್ಟಿರಲಿಲ್ಲ. ಅವರ ಮೇಲೆ ಸುಳ್ಳು ಹೊರಿಸಿದವಳು ನಾನು. ಬೀಗದಕೈಗಳನ್ನು ತೆಗೆಸಿದವಳು ನಾನು. ತಪ್ಪು ನನ್ನದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ದ್ಯಾಮಣ್ಣನ ಹೆಂಡತಿ ಕೊಡ ಎತ್ತಿಕೊಳ್ಳುತ್ತ ತುಂಗಮ್ಮನ ಕಡೆ ಬಾಗಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು:

"ಟೀಚರ್ ಇವತ್ತು ಯಾರಿಗೆ ಹೇಳ್ತಿದ್ದಾರೆ?"

ತುಂಗಮ್ಮ ಯೋಚಿಸಿ, ತನ್ನ ಸೊಸೆಯ ಕಡೆ ನೋಡಿದಳು. ಸೊಸೆ ತಲೆತಗ್ಗಿಸಿದಳು. ಪಾಪ, ಆ ಹುಡುಗಿ ಏನು ಮಾಡಿದ್ದಳೋ ನನಗೆ ಗೊತ್ತಿಲ್ಲ.

ಮನೆಗೆ ಬಂದು ಹೊಸ ಪೆಟ್ಟಿಗೆಯ ಪಟ್ಟಿ ತೆಗೆದೆ. ಎಲ್ಲರ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿ ಜೀವೂಬಾಯಿ ಎಂದು ಟೈಪು ಮಾಡಿದೆ. ವನಮಾಲೆಯನ್ನು ಕೈಹಿಡಿದು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿ, "ಇದಕ್ಕೆ ಪಾಸ್‌ವರ್ಡ್ ನೀನು ಹಾಕು. ನನಗೆ ಹೇಳಬೇಡ. ಈ ಸಾಲನ್ನು ನಾನು ಎಣಿಸುವುದಿಲ್ಲ" ಎಂದೆ. ಎದುರಿನ ಗೋಡೆಯ ಕಡೆ ತಿರುಗಿ ಹಲಗೆಯನ್ನು ನೋಡುತ್ತ ನಿಂತೆ. ಬೆರಳು ಬೀಳುವ ಸಪ್ಪಳದಿಂದಲೇ ಪದ ಯಾವುದೆಂದು ಹೇಳಬಲ್ಲವಳು ನಾನು. ನಲವತ್ತು ವರ್ಷ ಅದನ್ನೇ ಕಲಿಸಿದ್ದೇನೆ. ಎರಡು ಕಿವಿಗಳನ್ನೂ ಅಂಗೈಯಿಂದ ಮುಚ್ಚಿಕೊಂಡೆ. ಅವಳು ನನ್ನ ಭುಜ ಮುಟ್ಟಿದಾಗಲೇ ತಿರುಗಿದ್ದು. ಮಡಿಸಿದ ಚೀಟಿಯನ್ನು ಹನ್ನೆರಡನೇ ಮೊಳೆಗೆ ಅವಳೇ ತೂಗುಹಾಕಿದಳು.

ಈಗ ಮಧ್ಯಾಹ್ನದ ತರಗತಿ ನಿಲ್ಲಿಸಿದ್ದೇನೆ. ಮೂರಕ್ಕೆ ಮನೆಯಿಂದ ಹೊರಡುತ್ತೇನೆ, ಎಲ್ಲಿಗೆಂದು ಇಲ್ಲ. ಕ್ಷೌರದಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು ನಾಲ್ಕಕ್ಕೆ ಹಿಂತಿರುಗುತ್ತೇನೆ. ಬರುವಾಗ ಬಾಗಿಲ ಹೊರಗೇ ಒಮ್ಮೆ ಕೆಮ್ಮುತ್ತೇನೆ. ಒಳಗೆ ವನಮಾಲೆ ಕಿಟಕಿಯ ಬೆಳಕಿಗೆ ಕಸೂತಿ ಹಿಡಿದು ಕೂತಿರುತ್ತಾಳೆ. ಎಣಿಸುವುದಿಲ್ಲ ಎಂದು ಮಾತು ಕೊಟ್ಟವಳು ಶನಿವಾರ ಬೆಳಿಗ್ಗೆ ತಡೆಯಲಾರದೆ ಆ ಒಂದು ಸಾಲನ್ನು ನೋಡುತ್ತೇನೆ. ಜೀವೂಬಾಯಿಯ ಹೆಸರಿನ ಮುಂದೆ ಸೊನ್ನೆ. ಚೀಟಿ ಮಡಿಸಿದ ಹಾಗೆಯೇ ಮೊಳೆಯಲ್ಲಿದೆ, ಮಡಿಕೆಯ ಮೇಲೆ ಸ್ವಲ್ಪ ಧೂಳು ಕೂತಿದೆ.